ಮರುಭೂಮಿಯ ಬಿಸಿಲುಂಡ ಕಾರು: ಗಲ್ಫ್‌ನಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಮುನ್ನ

ಊರಲ್ಲಿ ಹಳೆಯ ಕಾರು ನೋಡಲು ಹೋದವರು ಮೊದಲು ಬಗ್ಗಿ ಹುಡುಕುವುದು ತುಕ್ಕನ್ನು. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗಂತೂ ಹತ್ತು ಮಳೆಗಾಲ ಕಂಡ ಗಾಡಿಯ ಅಡಿಭಾಗ ಹೇಗಿರುತ್ತದೆ ಎಂದು ಹೇಳಿಕೊಡಬೇಕಿಲ್ಲ. ಅದೇ ಕಣ್ಣಿನಿಂದ ದುಬೈಯಲ್ಲೋ ಶಾರ್ಜಾದಲ್ಲೋ ಕಾರು ನೋಡಿದರೆ ಹತ್ತು ವರ್ಷದ ಗಾಡಿಯೂ ನಿನ್ನೆ ಮೊನ್ನೆ ಶೋರೂಮಿನಿಂದ ಇಳಿದಂತೆ ಕಾಣುತ್ತದೆ. ತಳ ಒಣಗಿದೆ, ಬೋಲ್ಟುಗಳು ಹೊಳೆಯುತ್ತವೆ, ಒಳಗೆ ಸೀಟುಗಳಿಗೆ ಪಾಲಿಶ್ ಬಿದ್ದಿದೆ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಮರುಭೂಮಿ ಕಬ್ಬಿಣವನ್ನು ಉಳಿಸಿ ಉಳಿದದ್ದನ್ನೆಲ್ಲ ತಿನ್ನುತ್ತದೆ: ರಬ್ಬರು, ಪ್ಲಾಸ್ಟಿಕ್, ಅಂಟು, ಆಯಿಲ್, ಬ್ಯಾಟರಿ. ಈ ಸವೆತ ಮೀಟರಿನಲ್ಲಿ ಕಾಣುವುದಿಲ್ಲ. 40 ಸಾವಿರ ಕಿಲೋಮೀಟರ್ ಮಾತ್ರ ಓಡಿ ಎಂಟು ಬೇಸಿಗೆ ಬಯಲಲ್ಲಿ ನಿಂತ ಕಾರಿಗಿಂತ, 1.2 ಲಕ್ಷ ಓಡಿದರೂ ಬೇಸ್‌ಮೆಂಟಿನಲ್ಲಿ ನಿಲ್ಲುತ್ತಿದ್ದ ಕಾರೇ ಎಷ್ಟೋ ಸಲ ವಾಸಿ. ಹಾಗಾಗಿ ಮಾಲೀಕರಿಗೆ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಓಡಿದೆ’ ಎಂಬುದರ ಜೊತೆಗೆ ‘ಎಲ್ಲಿ ನಿಲ್ಲುತ್ತಿತ್ತು’ ಎಂಬುದೂ ಆಗಿರಲಿ.

ಶಾಖದ ಅಂದಾಜಿಗೆ ಒಂದು ಲೆಕ್ಕ ಸಾಕು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 38 ಡಿಗ್ರಿ ದಾಟಿದ ದಿನಗಳಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್‌ಗೆ ಕಾದಿತ್ತು. ಗಲ್ಫ್‌ನ ಜುಲೈ-ಆಗಸ್ಟ್ ಅದಕ್ಕಿಂತ ಬಿಸಿ. ಕಾರು ನಿಲ್ಲುವುದೂ ಇಡೀ ದಿನ.

ಈ ಕಾರುಗಳನ್ನು ಒಂದೇ ಭೇಟಿಯಲ್ಲಿ ಪರೀಕ್ಷಿಸಲಾಗದು, ಎರಡು ಸಲ ಹೋಗಬೇಕು. ಬೆಳಿಗ್ಗೆ ಏಳರ ಹೊತ್ತಿಗೆ ಇಂಜಿನ್ ತಣ್ಣಗಿರುವಾಗ ಒಮ್ಮೆ, ಇನ್ನೊಂದು ದಿನ ಮಧ್ಯಾಹ್ನ ಎರಡರಿಂದ ಸೂರ್ಯ ಇಳಿಯುವವರೆಗೆ. ಊರಲ್ಲಿ ಬಾನೆಟ್ ಮೇಲೆ ಕೈಯಿಟ್ಟು ‘ಆಗಲೇ ಸ್ಟಾರ್ಟ್ ಮಾಡಿದ್ದಾರೆ’ ಎಂದು ಹಿಡಿಯಬಹುದು. ಇಲ್ಲಿ ಹಗಲಾದರೆ ಬಾನೆಟ್ ಹೇಗೂ ಸುಡುತ್ತಿರುತ್ತದೆ, ಆ ಉಪಾಯ ನಡೆಯುವುದಿಲ್ಲ. ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಮಾಲೀಕರಿಗೆ ಹಿಂದಿನ ದಿನವೇ ಹೇಳಿಡಿ.

ಬೆಳಗಿನ ಭೇಟಿ

ಇಂಜಿನ್ ತಂಪಾಗಿಸುವ ದ್ರವವಾದ ಕೂಲೆಂಟ್‌ನಿಂದ ಶುರುಮಾಡಿ. ಇಂಜಿನ್ ತಣ್ಣಗಿದೆ ಎಂದು ಖಚಿತವಾದ ಮೇಲೆ ರೇಡಿಯೇಟರ್ ಅಥವಾ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಒಳಗಿನ ದ್ರವ ಹಸಿರು, ಗುಲಾಬಿ, ಕಿತ್ತಳೆ, ನೀಲಿ, ಯಾವುದೇ ಆಗಿರಲಿ, ತಿಳಿಯಾಗಿರಬೇಕು. ಬರೀ ನೀರಿನ ಬಣ್ಣವಿದ್ದರೆ ಅಥವಾ ಕಂದು ಕೆಸರಿನಂತಿದ್ದರೆ ಬೆಲೆ ಇಳಿಸುವ ಮಾತಲ್ಲ, ಕಾರು ಬಿಡುವ ಮಾತೇ ಆಡಬಹುದು. ಇಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ ಎಂಬ ಕಾರಣಕ್ಕೆ ಅನೇಕರು ನಲ್ಲಿ ನೀರನ್ನೇ ತುಂಬಿಸಿಕೊಂಡು ಓಡಿಸುತ್ತಾರೆ. ಕೂಲೆಂಟಿನ ಕೆಲಸ ಚಳಿ ತಡೆಯುವುದಷ್ಟೇ ಅಲ್ಲ. 15 ಪಿಎಸ್ಐ ಒತ್ತಡದ ಮುಚ್ಚಳ ಇರುವಲ್ಲಿ ಬರೀ ನೀರು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಸಮಪಾಲು ಕೂಲೆಂಟ್ ಬೆರೆಸಿದರೆ ಸುಮಾರು 129ಕ್ಕೆ. ಜೊತೆಗೆ ಅಲ್ಯೂಮಿನಿಯಂ ಹೆಡ್ ಮತ್ತು ವಾಟರ್ ಪಂಪ್ ಕೊರೆಯದಂತೆ ಕಾಯುವ ರಾಸಾಯನಿಕ ಇರುವುದೂ ಅದರಲ್ಲೇ. ವರ್ಷಗಟ್ಟಲೆ ನೀರಲ್ಲಿ ಓಡಿದ ಇಂಜಿನ್ನಿಗೆ ಆಮೇಲೆ ಒಳ್ಳೆಯ ಕೂಲೆಂಟ್ ಹಾಕಿದರೂ ಒಳಗೆ ಆದ ಹಾನಿ ಸರಿಹೋಗುವುದಿಲ್ಲ.

ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಹೊಸದಿದ್ದಾಗ ಕಪ್ಪಗಿರುತ್ತದೆ. ಶಾಖ ಕುಡಿದು ಕುಡಿದು ಅದು ಬೂದು-ಕಂದಾಗಿ ತಿರುಗಿದ್ದರೆ, ಅಲ್ಯೂಮಿನಿಯಂ ಸೇರುವ ಅಂಚಿನಲ್ಲಿ ಬಿಳಿ ಅಥವಾ ಗುಲಾಬಿ ಉಪ್ಪಿನಂಥ ಹಕ್ಕಳೆ ಕಂಡರೆ, ಆ ರೇಡಿಯೇಟರ್ ಸೀಳುವ ದಿನ ದೂರವಿಲ್ಲ. ಹೋಸ್‌ಗಳನ್ನು ಬೆರಳಲ್ಲಿ ಹಿಸುಕಿ. ಒತ್ತಿದಾಗ ಬಾಗಿ ಮತ್ತೆ ಮೊದಲಿನಂತಾಗಬೇಕು. ಕಟಕಟ ಸದ್ದು ಬಂದರೆ ಒಳಗೆ ಬಿರುಕಿದೆ. ಹಣ್ಣಾದ ಬಾಳೆಯಂತೆ ಮೆತ್ತಗಿದ್ದರೆ ಆಯಿಲ್ ತಾಗಿ ಕೊಳೆತಿದೆ. ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಮನೆಯನ್ನೂ ಟಾರ್ಚ್ ಹಾಕಿ ನೋಡಿ. ಯುರೋಪಿನ ಕಾರುಗಳಲ್ಲಿ ಸೋರಿಕೆ ಎಷ್ಟೋ ಸಲ ಅಲ್ಲಿಂದಲೇ.

ಮುಂದಿನದು ಏರ್ ಫಿಲ್ಟರ್ ಡಬ್ಬ. ಕ್ಲಿಪ್ ಬಿಚ್ಚಿ ಫಿಲ್ಟರ್ ತೆಗೆಯಿರಿ. ಫಿಲ್ಟರ್ ಕೊಳೆಯಾಗಿದ್ದರೆ ಚಿಂತೆಯಿಲ್ಲ, ಅದರ ಕೆಲಸವೇ ಅದು. ನೋಡಬೇಕಾದ್ದು ಫಿಲ್ಟರ್ ದಾಟಿದ ಮೇಲಿನ ಕೊಳವೆ. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಆ ಕೊಳವೆಯ ಒಳಗೋಡೆ ಒರೆಸಿ. ಬಟ್ಟೆಗೆ ತಿಳಿಗಂದು ಹುಡಿ ಮೆತ್ತಿದರೆ ಮರಳಿನ ದೂಳು ಇಂಜಿನ್ ಒಳಗೆ ಹೋಗುತ್ತಾ ಬಂದಿದೆ ಎಂದೇ ಅರ್ಥ. ಮರಳಿನ ಸಿಲಿಕಾ ಕಬ್ಬಿಣಕ್ಕಿಂತ ಗಟ್ಟಿ. ಆಯಿಲ್ ಜೊತೆ ಸೇರಿ ಅದು ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯನ್ನು ಉಜ್ಜುಕಾಗದದಂತೆ ತಿಕ್ಕುತ್ತದೆ. ಕ್ರಮೇಣ ಕಂಪ್ರೆಷನ್ ಇಳಿದು ಆಯಿಲ್ ಉರಿಯತೊಡಗುತ್ತದೆ. ಇದಕ್ಕೆ ಸಾಮಾನ್ಯ ಕಾರಣ ಅಗ್ಗದ, ಅಳತೆ ಕೂರದ ಫಿಲ್ಟರ್, ಅಥವಾ ಅದನ್ನೇ ಗಾಳಿ ಹೊಡೆದು ಮತ್ತೆ ಮತ್ತೆ ಬಳಸಿದ್ದು. ಕಂಪ್ರೆಸರ್ ಗಾಳಿ ಹೊಡೆದಾಗ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ.

ಈಗ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ಮೊದಲ ಕ್ಷಣದ ನೀಲಿ ಹೊಗೆ ಆಯಿಲ್ ಉರಿಯುವ ಗುರುತು. ಬಾನೆಟ್ ಕಡೆಯಿಂದ ಎರಡು ಮೂರು ಸೆಕೆಂಡ್ ಗಲಗಲ ಸದ್ದು ಬಂದು ನಿಂತರೆ ಟೈಮಿಂಗ್ ಚೈನ್ ಸಡಿಲಾಗಿರುವ ಶಂಕೆ. ಬ್ಯಾಟರಿಗೆ ಒಂದು ಸಣ್ಣ ಮಲ್ಟಿಮೀಟರ್ ಸಾಕು: ರಾತ್ರಿಯಿಡೀ ನಿಂತ ಬ್ಯಾಟರಿ 12.4ರಿಂದ 12.6 ವೋಲ್ಟ್ ತೋರಿಸಬೇಕು, ಸ್ಟಾರ್ಟ್ ಆಗುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು, ಇಂಜಿನ್ ಓಡುವಾಗ ಸುಮಾರು 13.7ರಿಂದ 14.7 ಇರಬೇಕು. ಗಲ್ಫ್‌ನ ಶಾಖದಲ್ಲಿ ಬ್ಯಾಟರಿ ಎರಡು ವರ್ಷ ಬಾಳಿದರೆ ಅದೇ ಪುಣ್ಯ. ಮೇಲೆ ಒತ್ತಿರುವ ತಯಾರಿಕೆಯ ದಿನಾಂಕ ನೋಡಿಕೊಳ್ಳಿ.

ಬ್ರೇಕ್ ಒತ್ತಿ ಹಿಡಿದು ಡ್ರೈವ್‌ಗೆ ಹಾಕಿ. ಸ್ಟೀರಿಂಗ್ ನಡುಗಿ, ನ್ಯೂಟ್ರಲ್‌ಗೆ ತಂದಾಗ ನಡುಕ ನಿಂತರೆ ಇಂಜಿನ್ ಮೌಂಟಿಂಗ್ ರಬ್ಬರ್ ಕಲ್ಲಾಗಿದೆ ಅಥವಾ ಹರಿದಿದೆ. ಕಡಿಮೆ ಓಡಿದ ಕಾರಿನಲ್ಲೂ ಇದು ಸಾಮಾನ್ಯ. ಆಮೇಲೆ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ. ಲಿಫ್ಟ್ ಇಲ್ಲದೆ ವ್ಯಾಪಾರ ಮುಗಿಸಬೇಡಿ. ಲೋವರ್ ಆರ್ಮ್ ಬುಷ್‌ಗಳು, ಸ್ಟೆಬಿಲೈಸರ್ ರಬ್ಬರ್, ಆಕ್ಸಲ್‌ನ ಬೂಟ್ (ರಬ್ಬರ್ ಕವಚ), ಸ್ಟೀರಿಂಗ್ ರ‍್ಯಾಕಿನ ಬೂಟ್, ಬ್ರೇಕ್ ಹೋಸ್: ಒಂದೊಂದನ್ನೂ ಬಾಗಿಸಿ ಮಡಿಕೆಯ ಒಳಗೆ ನೋಡಿ. ಬೂಟ್‌ನ ಬಿರುಕು ಮಡಿಕೆಯಲ್ಲೇ ಅಡಗಿರುತ್ತದೆ. ಅಲ್ಲಿಂದ ಗ್ರೀಸ್ ಹೊರಗೆ ಬಂದು ಮರಳು ಒಳಗೆ ಹೋದರೆ ಜಾಯಿಂಟ್ ಕೆಲವೇ ತಿಂಗಳಲ್ಲಿ ಸವೆದು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಎನ್ನುತ್ತದೆ.

ಟೈರಿನ ವಿಷಯಕ್ಕೆ ಬಂದರೆ ಗೀರು ಆಳವಿದೆಯೇ ಎಂದು ನೋಡಿ ಸಮಾಧಾನಪಡಬೇಡಿ. ಪಕ್ಕದ ಗೋಡೆಯ ಮೇಲೆ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 2321 ಎಂದರೆ 2021ರ 23ನೇ ವಾರ. ಯುಎಇಯಲ್ಲಿ ಐದು ವರ್ಷ ದಾಟಿದ ಟೈರ್ ಪಾಸಿಂಗ್ (ವಾರ್ಷಿಕ ತಪಾಸಣೆ) ಆಗುವುದಿಲ್ಲ. ಈ ಅಂಕಿ ಒಂದೇ ಬದಿಯಲ್ಲಿ ಇರಬಹುದು. ಹಾಗಾಗಿ ಲಿಫ್ಟ್ ಮೇಲಿರುವಾಗ ಒಳಬದಿಯನ್ನೂ, ಸ್ಟೆಪ್ನಿಯನ್ನೂ ನೋಡಿ. ಸ್ಟೆಪ್ನಿ ಬಹಳ ಸಲ ಕಾರಿನಷ್ಟೇ ಹಳೆಯದು. ಕೂದಲೆಳೆಯಂಥ ಬಿರುಕಿದ್ದರೆ ಆ ಟೈರಿನಲ್ಲಿ ಅಬುಧಾಬಿ ರಸ್ತೆ ಹಿಡಿಯುವುದು ಬೇಡ. ಕಾದ ಡಾಂಬರು, ಕಡಿಮೆ ಗಾಳಿ, ಗಂಟೆಗೆ 120 ಕಿಲೋಮೀಟರ್ ವೇಗ, ಈ ಮೂರೂ ಸೇರಿದರೆ ಹಳೆಯ ಟೈರ್ ಸಿಡಿಯುತ್ತದೆ. ಹೊಸದು ಕೊಳ್ಳುವಾಗ ಟೆಂಪರೇಚರ್ ದರ್ಜೆ ‘ಎ’ ಇರುವುದನ್ನೇ ಕೊಳ್ಳಿ.

ಮಧ್ಯಾಹ್ನದ ಭೇಟಿ

ಒಂದು ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಜೇಬಲ್ಲಿರಲಿ. ಬಿಸಿಲಲ್ಲಿ ನಿಂತು ಕಾದ ಕಾರನ್ನು ಸ್ಟಾರ್ಟ್ ಮಾಡಿ, ಏಸಿಯನ್ನು ಪೂರ್ತಿ ತಂಪಿಗೆ, ಗಾಳಿ ಒಳಗೇ ಸುತ್ತುವಂತೆ ಇಟ್ಟು, ನಡುವಿನ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ ಹತ್ತು ನಿಮಿಷ ನಿಂತಲ್ಲೇ ಓಡಿಸಿ. ಬಳಿಕ ಹತ್ತು ನಿಮಿಷ ರಸ್ತೆಯಲ್ಲಿ. ಹೊರಗೆ 40 ದಾಟಿರುವಾಗ ಓಡುತ್ತಿರುವ ಕಾರಿನ ಕಿಂಡಿಯಲ್ಲಿ 8ರಿಂದ 12 ಡಿಗ್ರಿ ಬಂದರೆ ಏಸಿ ಆರೋಗ್ಯವಾಗಿದೆ. ನಿಂತಾಗ 15ರ ಸುತ್ತ ಏರುವುದು ಸಹಜ. ನಿಂತಾಗ 20 ದಾಟಿ ಓಡುವಾಗ ಮಾತ್ರ ತಂಪಾಗುತ್ತಿದ್ದರೆ ಕಂಡೆನ್ಸರ್‌ನ ರೆಕ್ಕೆಗಳಲ್ಲಿ ದೂಳು ಹೆಪ್ಪುಗಟ್ಟಿದೆ ಅಥವಾ ಫ್ಯಾನ್ ಸೋತಿದೆ. ಎರಡೂ ಕಡೆ ತಂಪಿಲ್ಲದಿದ್ದರೆ ಗ್ಯಾಸ್ ಸೋರಿಕೆ ಅಥವಾ ಕಂಪ್ರೆಸರ್. ‘ಬರೀ ಗ್ಯಾಸ್ ತುಂಬಿಸಿದರೆ ಆಯಿತು’ ಎಂಬ ಮಾತನ್ನು ನಂಬಬೇಡಿ. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ, ಎಲ್ಲೋ ಸೋರಿದೆ. ಇದೇ ಹೊತ್ತಿನಲ್ಲಿ ಇಂಜಿನ್ ತಾಪದ ಮುಳ್ಳನ್ನೂ ಗಮನಿಸಿ. ನಿಂತಾಗ ಮೇಲೇರಿ ಓಡುವಾಗ ಇಳಿದರೆ ಫ್ಯಾನ್ ಸೋತಿದೆ ಅಥವಾ ರೇಡಿಯೇಟರಿನ ರೆಕ್ಕೆಗಳಲ್ಲಿ ದೂಳು ಕಟ್ಟಿದೆ.

ಗಲ್ಫ್‌ನ ಕಾರಿಗೆ ಮೀಟರ್ ಹೇಳದ ಇನ್ನೊಂದು ಆಯುಷ್ಯವಿದೆ: ಏಸಿಗಾಗಿ ನಿಂತಲ್ಲೇ ಇಂಜಿನ್ ಓಡಿಸಿದ ಗಂಟೆಗಳು. ಅಂಗಡಿಯ ಮುಂದೆ, ಶಾಲೆಯ ಮುಂದೆ, ಸೈಟಿನಲ್ಲಿ ಅರ್ಧ ಗಂಟೆ, ಒಂದು ಗಂಟೆ. ಆ ಹೊತ್ತಿನಲ್ಲಿ ಆಯಿಲ್ ಹಳತಾಗುತ್ತದೆ, ಕಿಲೋಮೀಟರ್ ಏರುವುದಿಲ್ಲ. ಕೆಲವು ಪಿಕಪ್ ಮತ್ತು ದೊಡ್ಡ ಎಸ್‌ಯುವಿಗಳ ಮೀಟರಿನಲ್ಲಿ ಇಂಜಿನ್ ಗಂಟೆ ತೋರಿಸುವ ಮೆನು ಇರುತ್ತದೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. ಊರು-ಹೆದ್ದಾರಿ ಬೆರೆತ ಬಳಕೆಯಲ್ಲಿ 40ರಿಂದ 60 ಬರುತ್ತದೆ. 90 ಸಾವಿರ ಕಿಲೋಮೀಟರಿಗೆ 4,500 ಗಂಟೆ ಇದ್ದರೆ ಬರುವುದು 20. ಅಂಥ ಇಂಜಿನ್ನನ್ನು 90 ಸಾವಿರ ಓಡಿದ್ದು ಎಂದು ಎಣಿಸದೆ ಅದರ ಇಮ್ಮಡಿ ಎಂದೇ ಎಣಿಸಿ.

ಗೇರ್‌ಬಾಕ್ಸ್ ಚೆನ್ನಾಗಿ ಕಾದ ಮೇಲೆ, ಅಂದರೆ ಅರ್ಧ ಗಂಟೆ ಓಡಿಸಿದ ನಂತರ, ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿ ನೋಡಿ. ತಣ್ಣಗಿದ್ದಾಗ ಮೃದುವಾಗಿದ್ದದ್ದು ಈಗ ತಡಮಾಡಿ ಜಗ್ಗಿದರೆ ಒಳಗಿನ ಫ್ಲೂಯಿಡ್ ಸುಟ್ಟಿದೆ. ಡಿಪ್‌ಸ್ಟಿಕ್ ಇದ್ದರೆ ಟಿಶ್ಯೂ ಮೇಲೆ ಒಂದು ತೊಟ್ಟು ಬಿಡಿ: ಕೆಂಪಿದ್ದರೆ ಒಳ್ಳೆಯದು, ಕಪ್ಪಗಂದಿದ್ದು ಸುಟ್ಟ ವಾಸನೆ ಬಂದರೆ ಬೇಡ.

ಸಂಜೆ ಸೂರ್ಯನಿಗೆ ಎದುರಾಗಿ ಓಡಿಸದೆ ಮರಳಬೇಡಿ. ಹೆದ್ದಾರಿಯಲ್ಲಿ ಬೀಸುವ ಮರಳು ಮುಂದಿನ ಗಾಜನ್ನು ಸೂಜಿಮೊನೆಯಂತೆ ಕುಟುಕಿರುತ್ತದೆ. ಹಗಲಲ್ಲಿ ಏನೂ ಕಾಣದು. ಎದುರು ಬೆಳಕು ಬಿದ್ದಾಗ ಇಡೀ ಗಾಜು ಮಂಜು ಕವಿದಂತಾಗುತ್ತದೆ. ಪಾಲಿಶ್‌ನಿಂದ ಇದು ಹೋಗುವುದಿಲ್ಲ, ಗಾಜು ಬದಲಿಸಬೇಕು. ಗಾಜಿಗೆ ಅಂಟಿದ ಕ್ಯಾಮೆರಾ ಇರುವ ಕಾರಾದರೆ ಕ್ಯಾಲಿಬ್ರೇಷನ್ ಖರ್ಚೂ ಸೇರುತ್ತದೆ. ಹಳದಿಯಾದ ಹೆಡ್‌ಲೈಟನ್ನು ತಿಕ್ಕಿ ಹೊಳೆಸಿ ನಿಲ್ಲಿಸಿರುತ್ತಾರೆ. ಮೇಲಿನ ರಕ್ಷಣಾ ಪದರವೇ ಹೋಗಿರುವುದರಿಂದ ಅದು ಕೆಲವು ತಿಂಗಳಲ್ಲಿ ಮತ್ತೆ ಹಳದಿ.

ಬಣ್ಣದ ವಿಷಯದಲ್ಲಿ ಇಲ್ಲಿ ಊರಿನ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಕಂಪನಿ ಬಣ್ಣಕ್ಕೆ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ತೋರಿಸುತ್ತದೆ. 250 ದಾಟಿದರೆ ಮರುಬಣ್ಣ, ಸಾವಿರ ದಾಟಿದರೆ ಒಳಗೆ ಪುಟ್ಟಿ. ಬಾನೆಟ್ ಮತ್ತು ಮಾಡಿನ (ಛಾವಣಿಯ) ಮೇಲೆ ಮಾತ್ರ ಮರುಬಣ್ಣವಿದ್ದರೆ ಗಾಬರಿ ಬೇಡ, ಬಿಸಿಲಿಗೆ ಸಿಪ್ಪೆ ಎದ್ದದ್ದನ್ನು ಸರಿಮಾಡಿರಬಹುದು. ಬಾಗಿಲ ಚೌಕಟ್ಟು, ಕಂಬ, ಚಕ್ರದ ಮೇಲಿನ ಕಮಾನಿನ ಒಳಭಾಗಕ್ಕೆ ಬಿಸಿಲು ಬೀಳುವುದಿಲ್ಲ. ಅಲ್ಲಿ ಹೊಸ ಬಣ್ಣ ಕಂಡರೆ ಅಪಘಾತದ ಕಥೆ ಇದೆ.

ಒಳಗೆ ಕೂತಾಗ ಡ್ಯಾಶ್‌ಬೋರ್ಡಿನ ಮೇಲೆ ಹಾಸಿರುವ ಮ್ಯಾಟನ್ನು ಎತ್ತಿ ನೋಡಿ, ಬಿರುಕು ಮುಚ್ಚಲೆಂದೇ ಹಾಸಿರುತ್ತಾರೆ. ಮಾಡಿನ ಒಳಬಟ್ಟೆಯನ್ನು ಅಂಗೈಯಿಂದ ಒತ್ತಿ; ಅಂಟು ಬಿಟ್ಟಿದ್ದರೆ ಜೋತಾಡುತ್ತದೆ. ನಾಲ್ಕೂ ಕಿಟಕಿ ಗಾಜುಗಳನ್ನು ಎರಡೆರಡು ಸಲ ಇಳಿಸಿ ಏರಿಸಿ. ನಿಧಾನವಾಗಿ ಕಿರುಗುಟ್ಟಿದರೆ ಚಾನೆಲ್ ರಬ್ಬರಿನಲ್ಲಿ ಮರಳಿದೆ, ಮೋಟರ್ ಹೋಗಲು ಸಿದ್ಧವಾಗಿದೆ. ಸನ್‌ರೂಫ್ ಇದ್ದರೆ ಅಂಚಿನ ಕಾಲುವೆಗೆ ಅರ್ಧ ಲೋಟ ನೀರು ಹಾಕಿ. ನೀರು ಚಕ್ರದ ಬಳಿ ಹೊರಬರಬೇಕು. ಮಳೆ ವರ್ಷಕ್ಕೆ ನಾಲ್ಕು ದಿನ ಬರುವ ಊರಲ್ಲಿ ಆ ಕೊಳವೆ ಮರಳಿಂದ ಮುಚ್ಚಿದ್ದು ಯಾರಿಗೂ ಗೊತ್ತಾಗಿರುವುದಿಲ್ಲ. ಇನ್ನೊಂದು ಕಾಣದ ಖರ್ಚು, ಸುಟ್ಟ ಪ್ಲಾಸ್ಟಿಕ್ ಕ್ಲಿಪ್‌ಗಳು. ಯಾವ ರಿಪೇರಿಗೆ ಕೈಹಾಕಿದರೂ ಬಿಚ್ಚುವಾಗ ನಾಲ್ಕು ಮುರಿಯುತ್ತವೆ, ಆಮೇಲೆ ಒಳಗೆಲ್ಲ ಗಡಗಡ ಸದ್ದು.

ಜೀವಕ್ಕೆ ಸಂಬಂಧಿಸಿದ್ದೊಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ: ತಕಾಟಾ ಕಂಪನಿಯ ಏರ್‌ಬ್ಯಾಗ್. ಅದರೊಳಗಿನ ಅಮೋನಿಯಂ ನೈಟ್ರೇಟ್ ಬಿಸಿ-ತೇವದ ಏರಿಳಿತಕ್ಕೆ ವರ್ಷಗಳ ಕಾಲ ಸಿಕ್ಕಿ ಕೆಡುತ್ತದೆ. ಅಪಘಾತದಲ್ಲಿ ಏರ್‌ಬ್ಯಾಗ್ ಉಬ್ಬುವ ಬದಲು ಲೋಹದ ಡಬ್ಬಿಯೇ ಸಿಡಿದು ಚೂರುಗಳು ಎದೆಗೆ, ಕುತ್ತಿಗೆಗೆ ನುಗ್ಗುತ್ತವೆ. ಗಲ್ಫ್ ಕರಾವಳಿಯಲ್ಲಿ ಬಿಸಿಯೂ ಇದೆ, ತೇವವೂ ಇದೆ. 2000ದ ದಶಕದ ಆರಂಭದಿಂದ 2010ರ ದಶಕದ ಮಧ್ಯದವರೆಗಿನ ಅನೇಕ ಕಂಪನಿಗಳ ಕಾರುಗಳು, ಕಂಪನಿಯೇ ದೋಷ ಸರಿಪಡಿಸಲು ವಾಪಸ್ ಕರೆಯುವ ಈ ರಿಕಾಲ್‌ನಲ್ಲಿವೆ. ಚಾಸಿಸ್ ನಂಬರ್ ಕೊಟ್ಟು ಏಜೆನ್ಸಿಯಲ್ಲಿ ವಿಚಾರಿಸಿ. ಬದಲಾವಣೆ ಉಚಿತ. ಆಗಿಲ್ಲದಿದ್ದರೆ ಅದು ಆಗುವವರೆಗೆ ಮನೆಯವರನ್ನು ಕೂರಿಸಬೇಡಿ.

ದಿಬ್ಬ ಹತ್ತಿದ ಗಾಡಿ, ನೀರು ಕುಡಿದ ಗಾಡಿ

ಲ್ಯಾಂಡ್ ಕ್ರೂಸರ್, ಪ್ರಾಡೊ, ನಿಸ್ಸಾನ್ ಪ್ಯಾಟ್ರೋಲ್, ಪಜೇರೊ, ರ‍್ಯಾಂಗ್ಲರ್ ಕೊಳ್ಳುವವರು ಮರಳು ದಿಬ್ಬದ ಓಡಾಟ ಆಗಿದೆಯೇ ಎಂದು ಕೇಳಿದರೆ ‘ಇಲ್ಲವೇ ಇಲ್ಲ, ಫ್ಯಾಮಿಲಿ ಕಾರು’ ಎಂಬ ಉತ್ತರ ಬರುತ್ತದೆ. ಉತ್ತರ ಗಾಡಿಯಿಂದಲೇ ಪಡೆಯಿರಿ. ಅಡಿಯ ಗಾರ್ಡ್ ತಟ್ಟೆ ಮರಳಿಗೆ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತದೆ. ಮುಂದಿನ ಬಂಪರಿನ ಕೆಳ ಅಂಚಿನ ಕ್ಲಿಪ್‌ಗಳು ಮಾಯ. ಬಾವುಟದ ಕೋಲು ಸಿಕ್ಕಿಸಿದ ತೂತು ಉಳಿದಿರುತ್ತದೆ. ಚಾಸಿಸ್ ಪಟ್ಟಿಯ ತೂತುಗಳ ಬಳಿ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಒಳಗಿಂದ ಮರಳು ಸುರಿಯುತ್ತದೆ. ದಿಬ್ಬದಲ್ಲಿ ಟೈರ್ ಗಾಳಿಯನ್ನು 12ರಿಂದ 15 ಪಿಎಸ್ಐಗೆ ಇಳಿಸಿ ಓಡಿಸುವುದರಿಂದ ರಿಮ್‌ನ ಒಳ ಅಂಚಿನಲ್ಲಿ ಗೀರು ಇರಬಹುದು. ದಿಬ್ಬ ಹತ್ತಿದ್ದೇ ತಪ್ಪಲ್ಲ, ಆ ಗಾಡಿಗಳು ಅದಕ್ಕೆಂದೇ ಇವೆ. ಹತ್ತಿದ ಮೇಲೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್ ಆಯಿಲ್ ಬದಲಿಸಿದ ಬಿಲ್ ಇದೆಯೇ ಎಂಬುದು ಪ್ರಶ್ನೆ. ಖಾಲಿ ಜಾಗದಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿಸಿ, ಅದು ಸಿಕ್ಕಿ ಸಲೀಸಾಗಿ ಬಿಡುತ್ತದೆಯೇ ನೋಡಿ.

ತುಕ್ಕಿಲ್ಲ ಎಂಬ ನಂಬಿಕೆಗೂ ಒಂದು ಮಿತಿ ಇದೆ. ಕರಾವಳಿಯ ಸಬ್ಖಾ ಎಂಬ ಉಪ್ಪು ಬಯಲಿನಲ್ಲಿ ಓಡಿದ ಗಾಡಿಗೆ ಉಪ್ಪಿನ ಕೆಸರು ಮೆತ್ತಿ ಒಣಗಿರುತ್ತದೆ. ಸೀದಾ ತೊಳೆಯದೆ ಬಿಟ್ಟರೆ ಬ್ರೇಕ್ ಪೈಪ್ ಮತ್ತು ಬೆಸುಗೆಗಳ ಬಳಿ ತುಕ್ಕು ಶುರು. ಬಿಳಿ ಹಕ್ಕಳೆ ಕಂಡರೆ ಉಗುರಿಂದ ಕೆರೆದು ನೋಡಿ.

ನೀರಿನದು ಬೇರೆ ಕಥೆ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ 1949ರಿಂದ ದಾಖಲೆ ಇಟ್ಟಂದಿನಿಂದ ಕಂಡರಿಯದ ಮಳೆ ಸುರಿಯಿತು; ಅಲ್ ಐನ್ ಬಳಿಯ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನಕ್ಕೂ ಒಳಗೆ 254 ಮಿಲಿಮೀಟರ್. ಅಂದು ಮುಳುಗಿದ ಕಾರುಗಳು ಒಣಗಿ, ತೊಳೆಸಿಕೊಂಡು ಮಾರುಕಟ್ಟೆಗೆ ಬಂದಿವೆ. ಮರುಭೂಮಿಯ ಕಾರಿನಲ್ಲಿ ದೂಳು ಎಲ್ಲೆಡೆ ಇರುವುದರಿಂದ ಪ್ರವಾಹದ ಕೆಸರನ್ನು ಬೇರೆ ಮಾಡಿ ಗುರುತಿಸಬೇಕು. ಗಾಳಿ ತಂದ ದೂಳು ಸಡಿಲ, ಊದಿದರೆ ಹಾರುತ್ತದೆ, ಮೇಲ್ಮುಖದ ಜಾಗಗಳಲ್ಲಿ ಕೂರುತ್ತದೆ. ನೀರು ತಂದದ್ದು ಹಕ್ಕಳೆಗಟ್ಟಿ ಅಂಟಿರುತ್ತದೆ. ಕನೆಕ್ಟರ್‌ಗಳ ಒಳಗೆ, ಕೆಳಮುಖದ ಸಂದುಗಳಲ್ಲಿ, ಒಂದು ಗೆರೆಯವರೆಗೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ಕಲೆಯ ಗೆರೆ ಇದೆಯೇ ನೋಡಿ. ಸೀಟಿನ ಕೆಳಗಿನ ಹಳದಿ ಏರ್‌ಬ್ಯಾಗ್ ಕನೆಕ್ಟರ್, ಸೀಟ್ ಬೋಲ್ಟ್, ಸ್ಟೆಪ್ನಿ ಗುಂಡಿಯ ತಳ, ಈ ಮೂರರಲ್ಲಿ ತುಕ್ಕು ಇದ್ದರೆ ಮಾತು ಮುಗಿಸಿ ಹೊರಡಿ.

ಕಾಗದಪತ್ರ

‘ಪಾಸಿಂಗ್ ಆಗಿದೆ’ ಎಂದರೆ ಕಾರು ಗಟ್ಟಿ ಎಂದಲ್ಲ. ವಾರ್ಷಿಕ ತಪಾಸಣೆ ಟೈರು, ಬ್ರೇಕು, ದೀಪ, ಚಾಸಿಸ್ ಇಂಥವನ್ನು ನೋಡುತ್ತದೆ. ಏಸಿ, ಕೂಲೆಂಟ್, ಗೇರ್‌ಬಾಕ್ಸಿನ ಆರೋಗ್ಯ ಅದರ ವ್ಯಾಪ್ತಿಯಲ್ಲಿಲ್ಲ. ಅದಕ್ಕೆ ಬೇರೆ ಹಣ ಕೊಟ್ಟು ಸಮಗ್ರ ಪರೀಕ್ಷೆ ಮಾಡಿಸಿ, ಮಾರುವವರು ತೋರಿಸಿದ ಗ್ಯಾರೇಜಿನಲ್ಲಿ ಮಾತ್ರ ಬೇಡ. ಯುಎಇ ಆಂತರಿಕ ಸಚಿವಾಲಯದ ಎಮಿರೇಟ್ಸ್ ವೆಹಿಕಲ್ ಗೇಟ್ ತಾಣದಲ್ಲಿ ಚಾಸಿಸ್ ನಂಬರ್ ಹಾಕಿದರೆ ದಾಖಲಾದ ಅಪಘಾತಗಳು ಕಾಣುತ್ತವೆ. ಮುಲ್ಕಿಯಾದ (ನೋಂದಣಿ ಕಾರ್ಡಿನ) ಚಾಸಿಸ್ ನಂಬರನ್ನು ಗಾಜಿನ ಕೆಳಗೂ ಬಾಗಿಲ ಕಂಬದಲ್ಲೂ ಇರುವುದರ ಜೊತೆ ನೀವೇ ತಾಳೆ ನೋಡಿ.

ಬೆಲೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಅದು ಅಮೆರಿಕದಿಂದ ಹಡಗಲ್ಲಿ ಬಂದ, ಅಲ್ಲಿ ವಿಮೆಯವರು ಕೈಬಿಟ್ಟ ಕಾರಿರಬಹುದು. ಚಾಸಿಸ್ ನಂಬರ್ 1, 4, 5ರಿಂದ ಶುರುವಾದರೆ ತಯಾರಾದದ್ದು ಅಮೆರಿಕದಲ್ಲಿ. ಅಷ್ಟರಿಂದಲೇ ಕೆಟ್ಟದ್ದೆನ್ನಲಾಗದು, ಗಲ್ಫ್‌ಗೆಂದೇ ಅಲ್ಲಿ ಮಾಡಿದ ಕಾರುಗಳೂ ಇವೆ. ಕಾರಿನ ಹಿಂದಿನ ಇತಿಹಾಸ ಕೊಡುವ ಅಮೆರಿಕದ ಕಾರ್‌ಫ್ಯಾಕ್ಸ್ ವರದಿ ತೆಗೆಸಿದರೆ ಅಲ್ಲಿ ಓಡಿದ್ದೋ ಇಲ್ಲವೋ ತಿಳಿಯುತ್ತದೆ. ಜಿಸಿಸಿ ಸ್ಪೆಕ್, ಅಂದರೆ ಗಲ್ಫ್ ದೇಶಗಳಿಗೆಂದೇ ಮಾಡಿದ ಕಾರಿಗೆ ಈ ಹವೆಗೆ ತಕ್ಕ ಕೂಲಿಂಗ್ ಮತ್ತು ಏಸಿ ಇರುತ್ತದೆ. ತಂಪು ದೇಶಕ್ಕೆಂದು ಮಾಡಿದ್ದು ಆಗಸ್ಟ್ ಮಧ್ಯಾಹ್ನ ಸೋಲುತ್ತದೆ.

ಹೈಬ್ರಿಡ್ ಕಾರಾದರೆ ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಹುಡುಕಿ. ಅಲ್ಲಿ ದೂಳು ಕಟ್ಟಿದ್ದರೆ ಬ್ಯಾಟರಿ ಬೆಂದಿರಬಹುದು. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಗೆ ದ್ರವದ ಕೂಲಿಂಗ್ ಇದೆಯೇ ಎಂಬುದೇ ಮೊದಲ ಪ್ರಶ್ನೆ. ಅದಿಲ್ಲದ ಮೊದಲ ತಲೆಮಾರಿನ ನಿಸ್ಸಾನ್ ಲೀಫ್‌ಗಳು ಅರಿಜೋನಾದ ಶಾಖದಲ್ಲಿ ಬೇಗ ಸಾಮರ್ಥ್ಯ ಕಳೆದುಕೊಂಡದ್ದು 2012ರಲ್ಲೇ ದೊಡ್ಡ ಸುದ್ದಿಯಾಗಿತ್ತು.

ಕೊಂಡ ಮೇಲೆ

ಬೆಲೆಯ ಹತ್ತರಲ್ಲೊಂದು ಪಾಲನ್ನು ಮೊದಲೇ ತೆಗೆದಿಡಿ. ಮೊದಲ ವಾರದಲ್ಲೇ ಕೂಲೆಂಟ್ ಪೂರ್ತಿ ಬಸಿದು ಕಂಪನಿ ಹೇಳಿದ ಬಗೆಯದ್ದನ್ನು ಡಿಸ್ಟಿಲ್ಡ್ ನೀರಿನೊಡನೆ ಸಮಪಾಲು ತುಂಬಿಸಿ. ರೇಡಿಯೇಟರ್ ಮುಚ್ಚಳ, ಥರ್ಮೋಸ್ಟಾಟ್, ಮೇಲಿನ-ಕೆಳಗಿನ ಹೋಸ್, ಬೆಲ್ಟ್ ಒಟ್ಟಿಗೇ ಬದಲಿಸಿದರೆ ಕೂಲಿ ಒಂದೇ ಸಲ. ಬ್ರೇಕ್ ಫ್ಲೂಯಿಡ್ ತೇವ ಹೀರಿ ಕುದಿಯುವ ಮಟ್ಟ ಕಳೆದುಕೊಂಡಿರುತ್ತದೆ, ಅದೂ ಹೊಸದಾಗಲಿ. ಇಂಜಿನ್ ಆಯಿಲ್‌ಗೆ ಮ್ಯಾನುಯಲ್‌ನಲ್ಲಿ ಕಠಿಣ ಬಳಕೆಗೆ ಹೇಳಿರುವ ಅಂತರವನ್ನೇ ಹಿಡಿಯಿರಿ. ಸರ್ವಿಸ್ ಸ್ಟಿಕ್ಕರ್ 10 ಸಾವಿರ ಕಿಲೋಮೀಟರ್ ಎಂದರೂ ಬಹುತೇಕ ಗಾಡಿಗಳಿಗೆ ಅದು 5 ಸಾವಿರದ ಸುತ್ತ ಬರುತ್ತದೆ.

ಈ ಕಾರನ್ನು ಊರಿಗೆ ಒಯ್ಯುವ ಆಲೋಚನೆ ಬೇಡ. ಗಲ್ಫ್‌ನ ಗಾಡಿಗಳ ಸ್ಟೀರಿಂಗ್ ಎಡಕ್ಕೆ, ಭಾರತಕ್ಕೆ ತರುವ ಹಳೆಯ ಕಾರಿನ ಸ್ಟೀರಿಂಗ್ ಬಲಕ್ಕಿರಬೇಕು. ಗಲ್ಫ್‌ನಲ್ಲೇ ಮಾರಬೇಕಾದ್ದರಿಂದ ಬಿಲ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ಜುಲೈ-ಆಗಸ್ಟ್ ರಜೆಗೆ ಹೊರಡುವಾಗ ಬೇಸ್‌ಮೆಂಟ್ ಜಾಗ ಬಾಡಿಗೆಗೆ ಸಿಗುವುದಾದರೆ ಎರಡು ತಿಂಗಳಿಗೆ ತೆಗೆದುಕೊಳ್ಳಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿಡಿ. ಹ್ಯಾಂಡ್ ಬ್ರೇಕ್ ಎಳೆಯದೆ ಪಾರ್ಕ್‌ನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಬಯಲಲ್ಲೇ ನಿಲ್ಲಿಸಬೇಕಾದರೆ ಸಡಿಲ ಬಟ್ಟೆಯ ಕವರ್ ಹಾಕಬೇಡಿ: ಅದರಡಿ ಸೇರಿದ ಮರಳು ಗಾಳಿ ಬೀಸಿದಾಗಲೆಲ್ಲ ಬಣ್ಣವನ್ನು ತಿಕ್ಕುತ್ತದೆ. ಗಾಜಿನ ಒಳಗೆ ಸನ್‌ಶೇಡ್ ಇಟ್ಟು, ವೈಪರ್ ರಬ್ಬರನ್ನು ಗಾಜಿನಿಂದ ಎತ್ತಿ ನಿಲ್ಲಿಸಿ ಹೊರಡಿ. ಮರಳಿ ಬಂದಾಗ ದೂಳನ್ನು ಒಣಬಟ್ಟೆಯಲ್ಲಿ ಒರೆಸದೆ ಮೊದಲು ನೀರು ಹಾಯಿಸಿ ಇಳಿಸಿ.